ನಾಲ್ಕನೇ ತಿರುವು

ಅಪ್ಪನ ಫೋರ್ಡು ನನಗಿಂತ ಮೂರು ವರ್ಷ ಹಿರಿದು.
ಬಣ್ಣ ನೀಲಿ ಅನ್ನುತ್ತದೆ ಕಾಗದ; ಬಿಸಿಲು ಒಪ್ಪುವುದಿಲ್ಲ.
ಹಿಟ್ಟಿನ ಮೂಟೆ, ಗ್ಯಾಸ್ ಸಿಲಿಂಡರು, ಕುದುರೆಮೆಂತೆಯ ಹೊರೆ
ಹೇರಿಕೊಂಡು ಪುರ್ಮಮಾರ್ಕದಿಂದ ಹೊರಟರೆ
ಲಿಪಾನ್ ಏರಿನಲ್ಲಿ, ಕಣಿವೆ ಕಾಲಡಿ ಕಿರಿದಾಗುವ ಹೊತ್ತಿಗೆ,
ಮುಳ್ಳು ಕೆಂಪಿಗೆ ವಾಲುತ್ತಿತ್ತು.
ಮೇಲಿನಿಂದ ಎಣಿಸಿದರೆ ನಾಲ್ಕನೇ ತಿರುವು. ಯಾವಾಗಲೂ ಅದೇ.

ಅಪ್ಪ ಇಳಿಯುತ್ತಿದ್ದ. ಅವಸರವಿಲ್ಲ.
ಹಿಂದಿನ ಚಕ್ರಕ್ಕೊಂದು ಕಲ್ಲು ಕೊಟ್ಟು,
ದವಡೆಯ ಕೋಕಾ ಎಲೆ ಆ ಕಡೆಯಿಂದ ಈ ಕಡೆಗೆ ಹೊರಳಿಸಿ,
'ಭೂಮಿತಾಯಿಗೆ ನಾಲ್ಕು ಎಲೆ ಹಾಕದೆ ದಾಟಬಾರದು' ಅನ್ನುತ್ತಿದ್ದ.
ನಂಬಿದ್ದೆವು, ನಾನೂ ವಿಲ್ಮರನೂ.
ಬಾನೆಟ್ಟಿನಡಿ ಗೊರಗೊರ ಅನ್ನುವುದೂ ಮಂತ್ರವೇ ಅಂದುಕೊಂಡಿದ್ದೆವು.
ಅರ್ಧ ಗಂಟೆ ಕಳೆದು, ಚಿಂದಿ ಸುತ್ತಿ ಮುಚ್ಚಳ ತಿರುವಿ,
ಕ್ಯಾನಿನ ನೀರು ಹೊಯ್ದು, ಕಲ್ಲು ಕಿತ್ತು ಬದಿಗೆಸೆದು
ಹೊರಡುತ್ತಿದ್ದ.

ಹೋದ ಆಗಸ್ಟಿನಲ್ಲಿ ಅವನ ಮೊಣಕಾಲಿಗೂ ಕ್ಲಚ್ಚಿಗೂ ಮಾತು ಬಿಟ್ಟಿತು.
ಕೀಲಿ ನನ್ನ ಕೈಗೆ ಬಂತು. ಜೊತೆಗೆ ಅದರ ಜ್ವರವೂ.

ಮೊದಲು ಮುಚ್ಚಳ ಬದಲಿಸಿದೆ:
ಇಷ್ಟು ಎತ್ತರದಲ್ಲಿ ನೀರಿಗೆ ತಾಳ್ಮೆ ಕಡಿಮೆ,
ಒತ್ತಿ ಹಿಡಿಯದಿದ್ದರೆ ಎಂಬತ್ತಾರಕ್ಕೇ ಕುದಿಯುತ್ತದೆ.
ಥರ್ಮೋಸ್ಟಾಟ್ ಬಿಚ್ಚಿ ಅಡುಗೆಮನೆಯ ಪಾತ್ರೆಯಲ್ಲಿ ಬೇಯಿಸಿದೆ;
ಹೊತ್ತಿಗೆ ಸರಿಯಾಗಿ ಬಾಯಿ ತೆರೆಯಿತು, ಪಾಪ, ನಿರಪರಾಧಿ.
ಪಾತ್ರೆ ನೋಡಿ ಅಮ್ಮ ಎರಡು ದಿನ ಮಾತಾಡಲಿಲ್ಲ.
ತಿಲ್ಕಾರದ ದೊರೊತೆಯೊ ರೇಡಿಯೇಟರಿನ ನಳಿಗೆಗಳಿಗೆ ಕಡ್ಡಿ ಆಡಿಸಿ
ಒಂದು ಬೊಗಸೆ ತುಕ್ಕು ತೆಗೆದ, ಒಂದು ತಿಂಗಳ ಕಾಸು ತೆಗೆದುಕೊಂಡ.
'ಹೆಡ್ ಗ್ಯಾಸ್ಕೆಟ್ ಹೋಗಿದೆ' ಎಂದು ತಲೆಯಾಡಿಸಿದ,
ಸಾವಿನ ಮನೆಗೆ ಬಂದವನ ಹಾಗೆ.
ಆದರೆ ಎಣ್ಣೆಯಲ್ಲಿ ಹಾಲಿಲ್ಲ, ನೀರಿನಲ್ಲಿ ಗುಳ್ಳೆಯಿಲ್ಲ,
ಹೊಗೆಯಲ್ಲಿ ಬಿಳುಪಿಲ್ಲ.
ಮನೆ ಮುಂದೆ ನಿಂತು ಗಂಟೆಗಟ್ಟಲೆ ಉರಿದರೂ
ಮುಳ್ಳು ನಡುವೆಯೇ, ಸಾಧುವಿನಂತೆ.
ಏರು ಹತ್ತಿದರೆ ಮಾತ್ರ ನೆತ್ತಿಗೇರುತ್ತದೆ.

ಒಂದು ರಾತ್ರಿ ಬಾನೆಟ್ಟು ಎತ್ತಿ, ಟಾರ್ಚು ಕಚ್ಚಿಕೊಂಡು ಬಗ್ಗಿದೆ.
'ತುಳಿ' ಅಂದೆ ವಿಲ್ಮರನಿಗೆ. ತುಳಿದ.
'ಇನ್ನೂ.'
ಆಗ ಕಂಡಿತು.
ಕೆಳಗಿನ ಹೋಸು, ದುಂಡಗೆ ಕೊಬ್ಬಿದ್ದದ್ದು,
ಪಂಪು ಜೋರಾಗಿ ಹೀರಿದೊಡನೆ ಕೆನ್ನೆ ಒಳಗೆಳೆದುಕೊಂಡು
ಚಪ್ಪಟೆಯಾಯಿತು. ಒಂದು ಹನಿಯೂ ನುಂಗಲಾರದ ಗಂಟಲು.
ಕಾಲು ತೆಗೆದ. ಮತ್ತೆ ದುಂಡಗೆ,
ಏನೂ ಆಗೇ ಇಲ್ಲವೆಂಬಂತೆ.
ನಾನು ಬೈಯ್ದದ್ದು ಪಕ್ಕದ ಕೇರಿಗೂ ಕೇಳಿತಂತೆ.

ಕತ್ತರಿಸಿ ನೋಡಿದರೆ, ಒಳಗೆ ಆನಿಸಿ ಹಿಡಿಯಬೇಕಾದ ಸುರುಳಿ ತಂತಿ
ಯಾವ ಕಾಲದಲ್ಲೋ ತುಕ್ಕಾಗಿ ಕರಗಿಹೋಗಿದೆ.
ಹೊಸ ಹೋಸಿಗೆ ಮೂರು ಸಾವಿರ ಪೇಸೊ ಹೆಚ್ಚೇ ಕೇಳಿದರು, ಸುರುಳಿ ಇಲ್ಲ.
ಹಳೇ ಬೇಲಿಯ ಗಟ್ಟಿ ತಂತಿಯನ್ನು ಪೊರಕೆಯ ಹಿಡಿಗೆ ಸುತ್ತಿ
ಸುರುಳಿ ನಾನೇ ಮಾಡಿದೆ, ಬೆರಳು ಎರಡು ಕಡೆ ಹರಿಯಿತು.

ನಿನ್ನೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹತ್ತಿದೆ.
ಭರ್ತಿ ಹೊರೆ. ಎರಡನೇ ಗೇರು. ಮುಳ್ಳು ನಡುವೆ.
ನಾಲ್ಕನೇ ತಿರುವಿನಲ್ಲಿ ಎದೆಯೆತ್ತರದ ಕಲ್ಲಿನ ಗುಪ್ಪೆ,
ಬಣ್ಣದ ಉಣ್ಣೆಯೆಳೆ, ಬತ್ತಿದ ಎಲೆ, ವೈನಿನ ಕಲೆ.
ಮೋಟಾರ್‌ಸೈಕಲ್ಲಿನ ಹುಡುಗನೊಬ್ಬ ಹೆಲ್ಮೆಟ್ ಬಿಚ್ಚಿ,
ಕಣ್ಣು ಮುಚ್ಚಿ, ಒಂದು ಕಲ್ಲು ಇಡುತ್ತಿದ್ದ.

'ಅಡಿಯವೆಲ್ಲ ನನ್ನ ಚಕ್ರದ ಕಲ್ಲುಗಳು'
ಅಂದ ಅಪ್ಪ, ಕಣಿವೆಯ ಕಡೆ ಮುಖ ಮಾಡಿ.
'ಒಂದಿಪ್ಪತ್ತು ಆದಮೇಲೆ ಯಾರೋ ಎಲೆ ಹಾಕಿದರು.
ಆಮೇಲೆ ಹೇಳುವುದು ಹೇಗೆ?'

ನಾನು ಬ್ರೇಕು ಮುಟ್ಟಲಿಲ್ಲ.
ಸೀಟಿನ ಹಿಂದೆ ಕ್ಯಾನಿನ ನೀರು ಇದ್ದಷ್ಟೂ ಕುಲುಕುತ್ತಿತ್ತು.
ಅಪ್ಪ ಬಾಯೊಳಗಿನ ಎಲೆಯನ್ನು
ಆ ಕಡೆಯಿಂದ ಈ ಕಡೆಗೆ ಹೊರಳಿಸಿದ.