ಗುಡಿಸಿ ಕೊಡತಕ್ಕದ್ದು

ಕರಾರಿನ ಇಪ್ಪತ್ತೆಂಟನೆಯ ಕಲಮಿನಲ್ಲಿ ಹೀಗಿದೆ:
ಅವಧಿ ಮುಗಿದ ದಿನ ಬಾಡಿಗೆದಾರನು
ಜಾಗವನ್ನು ಖಾಲಿ ಮಾಡಿ, ಕಸ ಗುಡಿಸಿ
ಹಿಂದಿರುಗಿಸತಕ್ಕದ್ದು.
ಎಷ್ಟೋ ಮಂದಿಗೆ ಓದಿ ಹೇಳಿದ್ದೇನೆ ಇದನ್ನು.
ನಿಜವಾಗಿ ಪೊರಕೆ ಹಿಡಿದವನನ್ನು
ಕಂಡದ್ದು ಇದೇ ಮೊದಲು.

ಲೆಕ್ಸಿಂಗ್ಟನ್ ಅವೆನ್ಯೂ, ಎಪ್ಪತ್ತರ ಬೀದಿಗಳ ಆಸುಪಾಸು.
ಮುಖದ ಅಗಲ ಹನ್ನೊಂದು ಅಡಿ, ಉದ್ದ ನಲವತ್ತು,
ಕೆಳಗೊಂದು ನೆಲಮಾಳಿಗೆ, ತಲೆ ತಗ್ಗಿಸುವವರಿಗೆ ಮಾತ್ರ.
ಜಾಹೀರಾತಿನಲ್ಲಿ ನಾನು ಬರೆದದ್ದು:
ಅನುಕೂಲಸ್ಥರ ವಸತಿ ಪ್ರದೇಶ,
ಕೂಗಳತೆಯಲ್ಲಿ ಮೂರು ಖಾಸಗಿ ಶಾಲೆ,
ದಿನವಿಡೀ ಕಾಲ್ನಡಿಗೆಯ ಗಿರಾಕಿ.
ಕಾಲ್ನಡಿಗೆ!
ಅದನ್ನೇ ನಂಬಿ ಕೂತಿದ್ದನಲ್ಲ ವಾರ್ತಾನ್ ಕೆಷಿಶಿಯಾನ್,
ಮೂವತ್ತೊಂದು ವರ್ಷ,
ಸವೆದ ಹಿಮ್ಮಡಿಗೆ ಇಷ್ಟು, ಬಿಟ್ಟ ಹೊಲಿಗೆಗೆ ಇಷ್ಟು.

ಇಲ್ಲಿಯವರು ತಾವೇ ಬರುವುದು ಕಡಿಮೆ.
ಡೋರ್‌ಮನ್ ತರುತ್ತಾನೆ, ಇಲ್ಲವೇ
ನಾಯಿ ಅಡ್ಡಾಡಿಸುವ ಹುಡುಗಿ,
ಒಂದು ಕೈಲಿ ಐದು ಹಗ್ಗ, ಇನ್ನೊಂದರಲ್ಲಿ ಬಟ್ಟೆಚೀಲ.
ಆದರೂ ವಾರ್ತಾನ್‌ಗೆ ಬೀದಿಯೆಲ್ಲ ಪರಿಚಯ,
ಅಡಿಯಿಂದ.
"ಒಂಬತ್ತನೇ ಮಹಡಿಯ ಲೋವೆನ್‌ಥಾಲ್ ಮೇಡಂ
ಈಚೆಗೆ ಎಡಗಾಲು ಎಳೀತಿದ್ದಾರೆ,
ಅವರ ಮಗಳಿಗೆ ಯಾರಾದರೂ ಹೇಳಬೇಕು."
ನಾನು ಟೇಪು ಹಿಡಿದು ಗೋಡೆ ಅಳೆಯುತ್ತಿದ್ದೆ.
ಹೂಂ ಅಂದೆ.

ಬಾಡಿಗೆಯ ಸಂಗತಿ ಸರಳ.
ಚದರಡಿಗೆ ವರ್ಷಕ್ಕೆ ನೂರಿಪ್ಪತ್ತು ಡಾಲರ್ ಇದ್ದದ್ದು
ಇನ್ನೂರ ತೊಂಬತ್ತಾಯಿತು.
ಆತ ಪೆನ್ಸಿಲ್ ತೆಗೆದು, ತೊಗಲಿನ ತುಂಡೊಂದರ ಮೇಲೆ
ಭಾಗಾಕಾರ ಮಾಡಿದ:
ದಿನಕ್ಕೆ ಎಷ್ಟು ಹಿಮ್ಮಡಿ?
ಉತ್ತರ ನನಗೆ ತೋರಿಸಲಿಲ್ಲ.
ತುಂಡನ್ನು ಮೊಳೆಯ ಡಬ್ಬಿಗೆ ಹಾಕಿ ಕೇಳಿದ:
"ಕಾಫಿ ಕುಡಿಯುತ್ತೀರಾ, ಮಿಸ್ ಪೆಟ್ರಾಕಿಸ್?"
ಕುಡಿದೆ. ಚೆನ್ನಾಗಿತ್ತು. ಅದೇ ಕಷ್ಟ.

ಈ ಸಾಲಿನಲ್ಲೇ ನಾಲ್ಕು ಗಾಜಿಗೆ ಕಂದು ಕಾಗದ.
ಗುಂಡಿ, ರಿಬ್ಬನ್ನಿನವಳು ಹೋದಳು,
ಮಾಂಸದವನು ಹೋದ, ಕತ್ತಿಗಳ ಸಮೇತ.
ಗಡಿಯಾರದವನ ಅಂಗಡಿಯಲ್ಲಿ ವರ್ಷವಾದರೂ
ಹೊತ್ತು ಕೇಳುವವರಿಲ್ಲ.
ನಾಲ್ಕಕ್ಕೂ ನನ್ನದೇ ಫೋನ್ ನಂಬರು,
ಪಕ್ಕದಲ್ಲಿ ನನ್ನದೇ ನಗುವ ಫೋಟೊ.

ಕೊನೆಯ ವಾರ ಬಾಗಿಲಿಗೆ ಚೀಟಿ ಅಂಟಿಸಿದ:
ದಯವಿಟ್ಟು ನಿಮ್ಮ ನಿಮ್ಮ ಜೋಡು ಒಯ್ಯಿರಿ.
ಲೋವೆನ್‌ಥಾಲ್ ಮೇಡಂ ತಾವೇ ಬಂದರು,
ಮನೆಯೊಳಗಿನ ಮೆತ್ತನೆ ಚಪ್ಪಲಿಯಲ್ಲೇ,
ಎಡಗಾಲು ಎಳೆಯುತ್ತ.
ತೀರಿಕೊಂಡ ಗಂಡನ ಕಪ್ಪು ಬೂಟು; ಬಿಲ್ಲೆ ಕಳೆದಿತ್ತು.
"ಬಿಲ್ಲೆ ಯಾಕೆ," ಎಂದ ವಾರ್ತಾನ್,
"ಒಳಮಗ್ಗುಲು ಸವೆಸುತ್ತಿದ್ದವರು, ಅಲ್ಲವಾ?"
ಆಕೆ ದುಡ್ಡಿನ ಚೀಲದಲ್ಲಿ
ಬಹಳ ಹೊತ್ತು ಏನೋ ಹುಡುಕಿದರು.

ಹೊಸಬರೂ ಪಾದರಕ್ಷೆಯವರೇ.
ಗೋಡೆಗೊಂದು ಜೋಡು, ಜೋಡಿಗೊಂದು ದೀಪ,
ಮುಟ್ಟುವಂತಿಲ್ಲ.
ಅವರ ವಿನ್ಯಾಸಗಾರ ಬಂದವನು
ತುಳಿದು ತುಳಿದು ನಡುವೆ ಗುಳಿಬಿದ್ದ ಹೊಸ್ತಿಲನ್ನು
ಮಂಡಿಯೂರಿ ಸವರಿದ:
"ಇದು ಹಾಗೇ ಇರಲಿ. ಇದಕ್ಕೊಂದು ಗುಣವಿದೆ."
ಗುಣಕ್ಕೆಂದು ಚದರಡಿಗೆ ಹತ್ತು ಡಾಲರ್ ಹೆಚ್ಚು ಕೇಳಿದೆ.
ಕೊಟ್ಟರು.

ಮೂವತ್ತನೆಯ ತಾರೀಕು ಸಂಜೆ
ಆತ ಮೂಲೆಯಿಂದ ಶುರುಮಾಡಿ ಬಾಗಿಲವರೆಗೆ ಗುಡಿಸಿದ,
ಮತ್ತೆ ಹಿಂದೆ ಹೋಗಿ ಇನ್ನೊಮ್ಮೆ.
ಕೀಲಿ ಕೊಟ್ಟ. ಪೊರಕೆ ತನ್ನದೆಂದು
ಹೆಗಲಿಗೇರಿಸಿಕೊಂಡು
ಸಬ್‌ವೇ ಮೆಟ್ಟಿಲಿಳಿದ.
ನಾನು ಫಾರಮ್ಮಿನಲ್ಲಿ ಬರೆದೆ: ಗುಡಿಸಿದೆ. ತಕರಾರಿಲ್ಲ.

ಬೀಗ ಹಾಕಿ ಹತ್ತು ಹೆಜ್ಜೆ ನಡೆದಿರಬೇಕು,
ಕೇಳಿಸಿತು: ಟಿಕ್.
ಬಲಗಾಲಿನ ಅಟ್ಟೆಯಲ್ಲಿ ಸಣ್ಣದೊಂದು ಮೊಳೆ,
ತಲೆಯಷ್ಟೇ ಹೊರಗೆ. ನೋವೇನಿಲ್ಲ.
ಉಗುರಿಗೆ ಸಿಗದು, ಕೀಲಿಗೂ ಬಗ್ಗದು.
ಯಾರ ಹತ್ತಿರ ಕೀಳಿಸಲಿ ಎಂದು
ಒಂಟಿಕಾಲಲ್ಲಿ ನಿಂತು
ಬೀದಿಯ ಎರಡೂ ಕಡೆ ನೋಡಿದೆ.
ಕಂದು ಕಾಗದದ ಮೇಲೆ
ನಾಲ್ಕು ಕಡೆಯಿಂದ ನಾನೇ ನಗುತ್ತಿದ್ದೆ.