ಪಟ್ಟಿ

ಕುಂಬಳೆಯ ನಮ್ಮ ಲ್ಯಾಬಿನಲ್ಲಿ ಹನ್ನೊಂದು ಕಂಪ್ಯೂಟರು,
ಒತ್ತಿದರೆ ಏಳುವುದು ಎಂಟು.
ಕರೆಂಟು ಹೋಗುವ ಮೊದಲು ಒಮ್ಮೆ ನೋಡುವ ಅಂತ
ಮಿಸ್ರಿಯಾ ತನ್ನ ಹಾಜರಿಯ ಪ್ರೋಗ್ರಾಂ ಓಡಿಸಿದಳು.
ಬಂತು:

ಪ್ರಜ್ವಲ: ಹುಚ್ಚಿನ ಚುಚ್ಚುಮದ್ದು ಆಗಿದೆ.
ಪ್ರಜ್ವಲ: ಆಗಿದೆ.
ರಂಸೀನಾ: ಹಿಡಿಯಲು ಸಿಕ್ಕಿಲ್ಲ.

(ರಂಸೀನಾ ಆ ದಿನ ರಜೆ. ಅದೊಂದು ಸರಿಯಾಗಿಯೇ ಇತ್ತು.)

ಆದದ್ದು ಇಷ್ಟೆ.
ಕನ್ನಡ ವಿಭಾಗದ ಇವಳು ಬರೆದದ್ದು ಪಟ್ಟಿ,
ಹೆಸರುಗಳ ಪಟ್ಟಿ.
ಮಲಯಾಳ ವಿಭಾಗದ ಶ್ರೀರಾಗ್ ಬರೆದದ್ದೂ ಪಟ್ಟಿ,
ಪಂಚಾಯತಿಗೆಂದು ಬೀದಿಯವುಗಳ ಲೆಕ್ಕ.
ಅವನ ಭಾಷೆಯಲ್ಲಿ ಪಟ್ಟಿಗೆ ನಾಲ್ಕು ಕಾಲು, ಒಂದು ಬಾಲ.
ಇಂಗ್ಲಿಷಿನಲ್ಲಿ ಬರೆದರೆ ಎರಡಕ್ಕೂ ಅವೇ ಐದು ಅಕ್ಷರ,
ಒಂದೇ ಫೋಲ್ಡರು, ಒಂದೇ ಪೆನ್‌ಡ್ರೈವು.
‘ಹಳೆಯದರ ಮೇಲೆ ಹಾಕಲೇ?’ ಎಂದು ಯಂತ್ರ ಕೇಳಿದಾಗ
ಯಾರೋ ಹೂಂ ಅಂದಿದ್ದಾರೆ.

ನಕ್ಕು ಸುಸ್ತಾದ ಮೇಲೆ ಬೋರ್ಡಿಗೆ ತಿರುಗಿದೆ.
ನೋಡಿ, ನಮ್ಮಲ್ಲೇ ಪ್ರಜ್ವಲ ಇಬ್ಬರು ಇಲ್ಲವಾ?
ಒಬ್ಬ ಬಂಬ್ರಾಣದವ, ಒಬ್ಬ ಸೀತಾಂಗೋಳಿಯವ.
ಜಗಳ ಬರಬಾರದೆಂದು ಊರು ಸೇರಿಸಿ ಕರೆಯುತ್ತೇವೆ.
ಪ್ಯಾಕೇಜ್ ಅಂದರೆ ಅಷ್ಟೇ, ಹೆಸರಿಗೊಂದು ಊರು.
ಲಕೋಟೆಯ ಮೇಲಾದರೆ ಮನೆ ಮೊದಲು, ಅಂಚೆ ಆಮೇಲೆ,
ಜಿಲ್ಲೆ ಕಟ್ಟಕಡೆಗೆ.
ಇಲ್ಲಿ ಉಲ್ಟಾ. ಜಿಲ್ಲೆಯಿಂದ ಹೊರಟು
ಚುಕ್ಕಿ ಇಡುತ್ತಾ ಇಡುತ್ತಾ ಮನೆ ಮುಟ್ಟಬೇಕು:
ಕಾಸರಗೋಡು ಚುಕ್ಕಿ ಕುಂಬಳೆ ಚುಕ್ಕಿ ಹಾಜರಿ ಚುಕ್ಕಿ ಪಟ್ಟಿ.
ಇನ್ನು ನಿನ್ನದು ಬಂದು ಅವಳದನ್ನು ಮೂಸುವುದಿಲ್ಲ, ಶ್ರೀರಾಗ್.

ಮತ್ತೆ ಬೀಗದ ಪಾಠ.
ಪಬ್ಲಿಕ್ ಅಂದರೆ ಬಸ್‌ಸ್ಟ್ಯಾಂಡು, ಯಾರೂ ಬರಬಹುದು.
ಪ್ರೈವೇಟ್ ಅಂದರೆ ಆ ಕ್ಲಾಸಿನ ಒಳಗೇ,
ಪಕ್ಕದ ಕ್ಲಾಸಿಗೂ ಇಲ್ಲ.
‘ಮುಚ್ಚುವುದು ಯಾಕೆ ಟೀಚರ್, ಕಳ್ಳರುಂಟಾ?’
ಕಳ್ಳರಿಗಲ್ಲ ಮಾರಾಯ್ತಿ,
ನಾಳೆ ನಿನಗೆ ಒಳಗಿನದನ್ನು ಬದಲಿಸಬೇಕು ಅನ್ನಿಸಿದರೆ
ನಾಲ್ಕು ಜನರ ಒಪ್ಪಿಗೆ ಕೇಳುವುದು ಬೇಡ, ಅದಕ್ಕೆ.
‘ಏನೂ ಬರೆಯದಿದ್ದರೆ?’
ಅಂದದ್ದು ಸೀತಾಂಗೋಳಿಯವ.
ಬರೆಯದಿದ್ದರೆ ಅದೇ ಪ್ಯಾಕೇಜಿನವರಿಗೆ ಕಾಣುತ್ತದೆ,
ಹೊರಗಿನವರಿಗೆ ಕಾಣುವುದಿಲ್ಲ.

ಹೇಳಿದವಳು ನಾನೇ, ಚಾಕು ಹಿಡಿದ ಹಾಗೆ ಚಾಕ್ ಹಿಡಿದು ನಿಂತೆ.
ಬಾಯಿಬಿಟ್ಟು ಹೇಳದ್ದು ಊರಿಗೆಲ್ಲ ಗೊತ್ತು,
ಆಚೆ ಊರಿಗೆ ಗೊತ್ತಿಲ್ಲ.
ತಾಲೂಕು ಆಫೀಸಿನ ಕೌಂಟರಿನಲ್ಲಿ ನಾನು ನುಂಗಿಕೊಂಡು,
ಹೊರಬಂದು ಆಟೋದವನ ಹತ್ತಿರ ಬಿಡುವ
ನನ್ನ ಕನ್ನಡವೂ ಹಾಗೆಯೇ ಇರಬೇಕು.
ಬೆಲ್ಲಾಯಿತು.

ರಾತ್ರಿ ಮಾರ್ಕು ಹಾಕಲು ಕೂತಾಗ
ಮಿಸ್ರಿಯಾಳ ಹೊಸ ಫೈಲು. ಮನೆಯವರ ವಿವರ.
ಫೋನು, ಪಬ್ಲಿಕ್.
ರಕ್ತದ ಗುಂಪು, ಪಬ್ಲಿಕ್.
ಅಪ್ಪ, ಪ್ರೈವೇಟ್.
ಕೇಳಿದವರಿಗೆ ಉತ್ತರಿಸಲು ಕಿಟಕಿಯಷ್ಟು ಒಂದು ಫಂಕ್ಷನ್,
ಒಳಗೆ ಏನೇ ಇರಲಿ, ಅದು ಹೇಳುವುದು ಒಂದೇ:
‘ಊರಲ್ಲಿಲ್ಲ.’

ಎಷ್ಟು ಚೆಂದ ಬರೆದಿದ್ದಾಳೆ, ಒಂದು ಸೆಮಿಕೋಲನ್ ತಪ್ಪಿಲ್ಲ.
ಆದರೆ ಪ್ರೈವೇಟ್ ಎಂಬ ಬೇಲಿ ಬೇರೆ ಕೋಡಿಗೆ ಹಾಕಿದ್ದು,
ಫೈಲು ತೆರೆದು ಓದುವ ಕಣ್ಣಿಗೆ ಹಾಕಿದ್ದಲ್ಲ.
ಇದನ್ನು ಮಕ್ಕಳಿಗೆ ನಾನು ಹೇಳಿರಲಿಲ್ಲ,
ಬರುವ ವಾರಕ್ಕೆ ಇಟ್ಟಿದ್ದೆ.
ಆರು ಸಾಲು ಕೆಳಗಿಳಿಸಿದರೆ
ಅಪ್ಪ ಎಂಬಲ್ಲಿ ಅವಳು ತುಂಬಿದ ಬೆಲೆ ಕಾಣುತ್ತದೆ.

ಮೌಸಿನ ಚಕ್ರದ ಮೇಲೆ ಬೆರಳು.
ಕುಂಬಳೆಯಲ್ಲಿ ನಿಲ್ಲದ ಯಾವುದೋ ರೈಲು ಹೋಯಿತು,
ಮೇಜಿನ ಮೇಲಿನ ಲೋಟ ಸಣ್ಣಗೆ ಗಿಣಿಗುಟ್ಟಿತು.

ಹತ್ತಕ್ಕೆ ಹತ್ತು ಹಾಕಿ ಮುಚ್ಚಿದೆ.

ನಾಳೆ ಪೋಷಕರ ಸಭೆ.
ಕುರ್ಚಿ ಖಾಲಿ ಕಂಡರೆ ಪ್ರಿನ್ಸಿಪಾಲರು ಕೇಳಿಯೇ ಕೇಳುತ್ತಾರೆ.
ಕಿಟಕಿಯ ಈಚೆ ನಿಂತವಳು ನಾನು,
ನನಗೆ ಗೊತ್ತಿರುವುದೂ ಅಷ್ಟೇ:
ಊರಲ್ಲಿಲ್ಲ, ಸರ್.