ಕೆಳಗಿನ ದಾರ

ಕೌಲ್ ಬಜಾರಿನ ಓಣಿಯಲ್ಲಿ ಹನ್ನೊಂದು ಮಶೀನು,
ಕಿಟಕಿ ಪಕ್ಕದ್ದು ನನ್ನದು.
ಜೀನ್ಸಿಗೆ ಜೇಬು ಕೂಡಿಸುವುದು,
ದಾರ ಕಚ್ಚಿ ತುಂಡರಿಸುವುದು.
ಕತ್ತರಿ ಎತ್ತಿ ಇಡುವಷ್ಟರಲ್ಲಿ ಇನ್ನೊಂದು ಜೇಬು ಮುಗಿಯುತ್ತದೆ,
ಕೂಲಿಯೋ, ಜೇಬಿಗಿಷ್ಟು ಅಂತ.
ದಪ್ಪ ದಾರ, ಮುಂದಿನ ಹಲ್ಲಿಗೆ ಬಗ್ಗದು,
ಎಡದವಡೆಗೇ ಸರಿಸಬೇಕು.
ಹದಿನಾರು ವರ್ಷ ನನ್ನ ಕತ್ತರಿ ಇದ್ದದ್ದು ಅಲ್ಲಿ.

ಮೊದಲು ಬಂದದ್ದು ತಣ್ಣೀರಿನ ಜೊತೆ.
ಮಡಕೆಯ ನೀರು ತಾಗಿದರೆ ಚುಳಕ್,
ಐದು ಎಣಿಸುವಷ್ಟರಲ್ಲಿ ಇಲ್ಲ.
ಬಳ್ಳಾರಿಯ ಮೇ ತಿಂಗಳನ್ನು
ಉಗುರು ಬೆಚ್ಚಗಿನ ನೀರಲ್ಲೇ ಕಳೆದೆ ನೋಡಿ.
"ಹಲ್ಲು ಕಚ್ಚಿ ತಡ್ಕೋ ಎರ್ರೆಮ್ಮಾ, ಆರ್ಡರು ಮುಗೀಲಿ"
ಅಂದ ಮೇಸ್ತ್ರಿ ಹುಸೇನ್‌ಪೀರಾ.
ಯಾವ ಹಲ್ಲು ಕಚ್ಚಲಿ ಅಂತ
ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಮೇಲೆ ಬಿಸಿ.
ಚಹದ ಗುಟುಕು ಇಳಿದು ಹೋಗುತ್ತದೆ, ನೋವು ಇಳಿಯುವುದಿಲ್ಲ,
ನೆಂಟರಂತೆ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತುಬಿಡುತ್ತದೆ.
ಹಗಲು ಮಶೀನಿನ ಸದ್ದಿನಲ್ಲಿ ಸುಮ್ಮನಿದ್ದು
ರಾತ್ರಿ ದಿಂಬಿಗೆ ತಲೆ ಕೊಟ್ಟೊಡನೆ
ದವಡೆಯೊಳಗೆ ಯಾರೋ ಪೆಡಲು ತುಳಿಯುತ್ತಾರೆ.
ಕಿವಿಯೋ, ಕಪಾಳವೋ, ಕಣ್ಣಿನ ಹಿಂದೆಯೋ,
ಬೆರಳಿಟ್ಟು ಹೇಳಲಾಗದು.
ಎದ್ದು ಕೂತರೆ ಒಂದಿಷ್ಟು ಕಡಿಮೆ.
ಲವಂಗ ಇಟ್ಟೆ. ಉಪ್ಪುನೀರು ಮುಕ್ಕಳಿಸಿದೆ.
ಅತ್ತೆಯ ಹೊಗೆಸೊಪ್ಪು ಅದುಮಿಟ್ಟು ತಲೆ ತಿರುಗಿ ಬಿದ್ದೆ.
ಮೆಡಿಕಲ್ ಶಾಪಿನ ಹುಡುಗ ನನ್ನ ಕೆನ್ನೆ ನೋಡಿಯೇ
ಮಾತ್ರೆ ಕತ್ತರಿಸಿ ಕೊಡಲು ಕಲಿತ.

ಒಂದು ಬೆಳಿಗ್ಗೆ, ಏನೂ ಇಲ್ಲ.
ತಣ್ಣೀರು ಕುಡಿದೆ, ಇಲ್ಲ. ಬಿಸಿ ಚಹ, ಇಲ್ಲ.
ದುರುಗಮ್ಮನಿಗೆ ಕಾಯಿ ಒಡೆಸಿ ಬರುವಾಗ
ಮಂಡಾಳು ಒಗ್ಗರಣೆ, ಮಿರ್ಚಿ, ಎಡಗಡೆಯಲ್ಲೇ ತಿಂದೆ.
ಮೂರು ತಿಂಗಳು ನಾನು ಗುಣವಾದವಳು,
ವಸಡಿನ ಮೇಲೆ ಸಾಸಿವೆಯಷ್ಟು ಗುಳ್ಳೆ ಎದ್ದು
ಒಡೆದು, ಮತ್ತೆ ಎದ್ದು,
ಬಾಯಿಗೆ ಕೆಟ್ಟ ಉಪ್ಪು ರುಚಿ ಬರುವವರೆಗೆ.

ಬ್ರೂಸ್‌ಪೇಟೆಯ ಸ್ಟೀಲ್ ಪಾತ್ರೆ ಅಂಗಡಿಯ ಮೇಲೆ
ಡಾಕ್ಟರ್ ನಸ್ರೀನ್, ಕನ್ನಡಿಯ ಹಿಡಿಯಿಂದ
ಹಲ್ಲನ್ನು ಮೆಲ್ಲಗೆ ತಟ್ಟಿದಳು.
ನಾನು ಕುರ್ಚಿಯಿಂದ ಎದ್ದೇಬಿಟ್ಟೆ.
"ನೋವು ನಿಂತದ್ದು ವಾಸಿಯಾಗಿ ಅಲ್ಲಮ್ಮ,
ನರ ಸತ್ತಿದೆ. ಒಳಗೆ ಅಳುವವರೇ ಉಳಿದಿಲ್ಲ."
ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಹೆಸರುಕಾಳಿನಷ್ಟು ಕಪ್ಪು.
"ತಣ್ಣೀರಿಗೆ ಚುಳಕ್ ಅಂದು ಹೋಗುತ್ತಿದ್ದಾಗ ಬಂದಿದ್ದರೆ
ಗುಂಡಿ ತುಂಬಿ ಕಳಿಸುತ್ತಿದ್ದೆ.
ಈಗ ಬೇರಿನ ದಾರಿ ತೆರೆದು ತೊಳೆಯಬೇಕು.
ಕೀಳುವುದಾದರೆ ಹತ್ತು ನಿಮಿಷ,
ಆದರೆ ಗೋಡೆ ಇನ್ನೂ ಗಟ್ಟಿಯಿದೆ."

ನನಗೆ ತಿಳಿದದ್ದು ನನ್ನ ಮಶೀನಿನ ಮಾತಲ್ಲಿ.
ಮೇಲಿನ ದಾರ ಪದೇ ಪದೇ ಹರಿದರೆ
ಹೊಸಬರು ಮೇಲಿನ ತಿರುಪನ್ನೇ ತಿರುಗಿಸುತ್ತಾರೆ,
ಸೂಜಿ ಬದಲಿಸುತ್ತಾರೆ, ಎಣ್ಣೆ ಬಿಡುತ್ತಾರೆ.
ಸಿಕ್ಕು ಕೂತಿರುವುದು ಕೆಳಗೆ, ತಟ್ಟೆಯಡಿ,
ಬಾಬಿನ್ನಿನ ಗೂಡಲ್ಲಿ, ನೂಲಿನ ಹೊಟ್ಟು ತುಂಬಿ.
ಅದನ್ನು ಬಿಚ್ಚಿ ಊದಿ ಒರೆಸದೆ
ಮೇಲೆ ಎಷ್ಟು ಲವಂಗ ಇಟ್ಟರೂ ಅಷ್ಟೆ.

ಚುಚ್ಚಿದ್ದು ಒಂದೇ ಸಲ. ಆಮೇಲೆ ಅರ್ಧ ಮುಖ ನನ್ನದಲ್ಲ.
ಕೂದಲೆಳೆಯ ಸೂಜಿಗಳು, ಹಳದಿ ಕೆಂಪು ನೀಲಿ ಹಿಡಿ,
ಒಂದೊಂದಕ್ಕೂ ರಬ್ಬರಿನ ಗುರುತು, ಇಷ್ಟೇ ಆಳ ಎಂದು.
ಅಳತೆ ತಪ್ಪದ ಕೈ ನನಗೆ ಗೊತ್ತಾಗುತ್ತದೆ.
ಒಂದು ಹಲ್ಲಿಗೆ ಮೂರು ದಾರಿ, ಮೂರು ದಿನದ ಕೂಲಿ ಖೋತಾ.
ಹುಸೇನ್‌ಪೀರಾ ಗೊಣಗುತ್ತಲೇ ಮುಂಗಡ ಕೊಟ್ಟ.
ಟೋಪಿ ಇನ್ನೂ ಹಾಕಿಸಿಲ್ಲ, ದುಡ್ಡು ಕೂಡಬೇಕು.
ಅಲ್ಲಿಯವರೆಗೆ ಕಡಲೆ ಮುಟ್ಟಬೇಡ ಅಂದಿದ್ದಾಳೆ.
ಹಲ್ಲೂ ಇದೆ, ಕಡಲೆಯೂ ಇದೆ,
ಗಾದೆ ಕಟ್ಟಿದವರಿಗೆ ಇದು ಗೊತ್ತಿರಲಿಲ್ಲ.

ಈಗ ಕೊರಳಲ್ಲಿ ದಾರಕ್ಕೆ ಕಟ್ಟಿದ ಪುಟ್ಟ ಕತ್ತರಿ.
ದಿನಕ್ಕೆ ಆರು ಜೇಬು ಕಡಿಮೆ.
ಆದರೂ ಅವಸರದಲ್ಲಿ ದಾರ ಬಾಯಿಗೆ ಹೋಗುತ್ತದೆ.
ನರವಿಲ್ಲದ ಹಲ್ಲು ಏನೂ ಹೇಳುವುದಿಲ್ಲ,
ನಾಲಿಗೆಯೇ ಬಂದು ತಡೆಯುತ್ತದೆ.

ಮೊನ್ನೆ ಮೂರನೇ ಮಶೀನಿನ ಗಾದಿಲಿಂಗಮ್ಮ
ಚಹದ ಲೋಟ ಕೆಳಗಿಟ್ಟು ಕೆನ್ನೆ ಹಿಡಿದಳು.
ಎಲ್ಲರೂ ಲವಂಗ ಅಂದರು.
ನಾನು ಪೆಡಲಿನಿಂದ ಕಾಲು ತೆಗೆದು ಕೇಳಿದೆ:
"ಬಂದು ಹೋಗ್ತೈತಾ, ಇಲ್ಲಾ ಕುಂತ್ಕೊಂಡೈತಾ?"